ಕೋಡಿಯ ಮಟ್ಟ

೨೦೨೪ರ ಮೇ ೨೨, ಬುಧವಾರ, ಬೆಳಿಗ್ಗೆ ಏಳೂ ಹತ್ತಕ್ಕೆ ಸರ್ವೇಯರ್ ಶ್ರೀವಿದ್ಯಾ ಚೆನ್ನೈನ ಅಂಬತ್ತೂರಿನ ಕೆರೆಯಂಚಿನಲ್ಲಿ ಟೇಪು ಬಿಚ್ಚಿದಳು. ಕೆರೆಯಿಂದ ಹದಿನೈದು ಮೀಟರ್ ಒಳಗೆ ಏನೂ ಕಟ್ಟಕೂಡದೆಂಬುದು ನಿಯಮ. ಪ್ರಮೋಟರನೊಬ್ಬ ಅಲ್ಲಿ ಕ್ಲಬ್‌ಹೌಸಿಗೆ ಪಾಯ ತೋಡಿದ್ದ. ದೂರು ಕೊಟ್ಟವರು ಪಕ್ಕದ ಮನೆಯ ಉಪೇಂದ್ರ, ನಿವೃತ್ತ ಫಿಸಿಕ್ಸ್ ಮೇಷ್ಟ್ರು. ಅವರ ಹೆಂಡತಿ ಹರಿಪ್ರಿಯಾ ತಮಾಷೆ ನೋಡಲು ಬಂದಿದ್ದರು.

ಪ್ರಮೋಟರನ ಎಂಜಿನಿಯರ್ ನಿಶಾಂತ್, ಹಾಸನದ ಹುಡುಗ, ಟೇಪಿನ ತುದಿಯನ್ನು ನೀರಿನಂಚಿಗೆ ಒತ್ತಿದ. “ನೋಡಿ ಸಾರ್, ಪಾಯಕ್ಕೆ ಮೂವತ್ತಾರು ಮೀಟರ್.”

“ಅದು ಮೇ ತಿಂಗಳ ನೀರಪ್ಪ,” ಎಂದರು ಉಪೇಂದ್ರ. “ಕೆರೆ ತುಂಬಿ ಕೋಡಿ ಬೀಳೋವಾಗ ನೀರು ಎಲ್ಲಿ ನಿಲ್ಲುತ್ತೋ, ಕೆರೆ ಅಂದ್ರೆ ಅಲ್ಲೀವರೆಗೆ.”

“ಹಾಗಾದ್ರೆ ನವೆಂಬರ್ ಮಳೇಲಿ ಈಜ್ಕೊಂಡು ಅಳೀಬೇಕಾ ಸಾರ್?”

ಅಳತೆಯ ಮಾತು ಶ್ರೀವಿದ್ಯಾಗೆ ಕನ್ನಡದಲ್ಲೂ ಅರ್ಥವಾಯಿತು. “ಸಾರ್ ಸೊಲ್ರದು ಕರೆಕ್ಟ್,” ಎಂದು ತಮಿಳಿನಲ್ಲೇ ಮೇಷ್ಟ್ರ ಮಾತು ಒಪ್ಪಿದವಳೇ ಲೆವೆಲ್ ಯಂತ್ರ ಹೂಡಿ, ಕೋಡಿಯ ಎತ್ತರವನ್ನು ದಡದ ಮೇಲೆ ಗುರುತಿಸಿ ಒಂದು ಗೂಟ ಹೊಡೆದಳು. ಅಲ್ಲಿಂದ ಪಾಯಕ್ಕೆ ಆರೇ ಮೀಟರ್.

ನಿಶಾಂತ್ ಕತ್ತು ಒರೆಸಿಕೊಳ್ಳುತ್ತ ಉಪೇಂದ್ರರ ಮನೆಯ ಹಿಂಬದಿ ನೋಡಿದ. ಅಲ್ಲಿ ಹೊಸ ಅಡುಗೆಮನೆ. ಹೋದ ಬೇಸಿಗೆಯಲ್ಲಿ, ಕೆರೆಯ ಗಾಳಿ ಬೇಕೆಂದು ಹರಿಪ್ರಿಯಾ ಹಟ ಹಿಡಿದು ಕಟ್ಟಿಸಿದ್ದು. ಅಂದು ಅಳೆದವರು ಉಪೇಂದ್ರರೇ. ನೀರಿನಂಚಿನಿಂದ ನಲವತ್ತೆರಡು ಮೀಟರ್ ಎಂದು ಬೀಗಿದ್ದರು.

“ದೂರು ವಾಪಸ್ ತಗೊಳ್ಳಿ ಸಾರ್,” ನಿಶಾಂತ್ ದನಿ ತಗ್ಗಿಸಿದ. “ನೀವೂ ನೀರಿಂದ ಅಳೀರಿ, ನಾವೂ ನೀರಿಂದ ಅಳೀತೀವಿ. ಅಮ್ಮನೂ ಆರಾಮಾಗಿ ಅಡುಗೆ ಮಾಡ್ಕೊಂಡಿರ್ಲಿ.”

ಉಪೇಂದ್ರ ಹೆಂಡತಿಯತ್ತ ನೋಡಿದರು. ಹರಿಪ್ರಿಯಾ ನೋಡುತ್ತಿದ್ದುದು ಅಡುಗೆಮನೆಯ ಕಿಟಕಿಯನ್ನು. ಒಗ್ಗರಣೆ ಹಾಕುತ್ತ ನಿಂತರೆ ನೀರುಕಾಗೆ ರೆಕ್ಕೆ ಒಣಗಿಸುವುದು ಕಾಣುತ್ತಿದ್ದ ಕಿಟಕಿ.

“ಏನ್ರೀ, ಊರ ಮಕ್ಕಳಿಗೆಲ್ಲಾ ಫಿಸಿಕ್ಸ್ ಹೇಳಿ, ನನ್ನ ಅಡುಗೆಮನೆಗೆ ಮಾತ್ರ ಮೇ ತಿಂಗಳ ಲೆಕ್ಕವಾ?”

“ನೀನು ಅವಸರ ಮಾಡ್ದೆ ಕಣೇ.”

“ಸರಿ, ತಪ್ಪೆಲ್ಲಾ ನಂದೇ. ಟೇಪಿನ ಆ ತುದಿ ಹಿಡೀರಿ. ಕೈ ನಡುಗಿಸ್ಬೇಡಿ, ಅದೂ ಅಳತೆಗೆ ಸೇರುತ್ತೆ.”

ಗೂಟದ ಬಳಿ ಗಂಡನನ್ನು ಕೂರಿಸಿ, ಹರಿಪ್ರಿಯಾ ಸೆರಗು ಸಿಕ್ಕಿಸಿಕೊಂಡು ಟೇಪು ಎಳೆಯುತ್ತ ನಡೆದರು. ಅಡುಗೆಮನೆಯ ಗೋಡೆಗೆ ಅದನ್ನು ಬಿಗಿಯಾಗಿ ಒತ್ತಿ, ಕನ್ನಡಕ ಸರಿಮಾಡಿಕೊಂಡು, ಶ್ರೀವಿದ್ಯಾಗೆ ಕೇಳುವಂತೆ ಓದಿದರು.

“ಹನ್ನೊಂದು ಮೀಟರ್, ನಲವತ್ತು ಸೆಂಟಿಮೀಟರ್.”