ಒಳಕ್ಕೆ ಮಡಿಚಿದ ತಂತಿ

“ಯಾರಮ್ಮ ಹೇಳಿಕೊಟ್ಟಿದ್ದು? ಹೆದರಬೇಡ, ಹೆಸರು ಹೇಳು. ಯೂನಿಯನ್ ನಿನ್ನ ಬೆನ್ನಿಗಿದೆ,” ಎಂದು ಕಾರ್ಯದರ್ಶಿ ಮೇಜು ಗುದ್ದಿದ. ಅಪ್ರೆಂಟಿಸ್ ಹುಡುಗಿ ಬ್ಯಾಂಡೇಜು ಸುತ್ತಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು ನೆಲ ನೋಡುತ್ತಿದ್ದಳು. “ಯಾರೂ ಇಲ್ಲ ಅಣ್ಣ. ನಾನೇ ಕಟ್ಟಿದ್ದು.”

ಮ್ಯಾನೇಜರನಿಗೆ ಬೇಕಾಗಿದ್ದೂ ಅದೇ ಮಾತು. “ಕೇಳಿದ್ರಲ್ಲ? ಕೈ ಒಳಗೆ ಹೋಗದ ಹಾಗೆ ಪ್ರೆಸ್ಸಿಗೆ ಗಾರ್ಡ್ ಹಾಕಿಸಿದ್ದೀವಿ. ಕೆಲಸ ಬೇಗ ಆಗಲಿ ಅಂತ ಅದನ್ನ ತಂತಿಯಲ್ಲಿ ಮೇಲಕ್ಕೆ ಕಟ್ಟಿ ಬೆರಳು ಜಜ್ಜಿಸಿಕೊಂಡಿದ್ದಾಳೆ. ತಪ್ಪು ಅವಳದ್ದೇ ಅಂದಮೇಲೆ ಪರಿಹಾರವೂ ಇಲ್ಲ, ಸ್ಟೈಪೆಂಡೂ ಇಲ್ಲ. ನಾಳೆಯಿಂದ ಬರೋದೇ ಬೇಡ.” ಯಂತ್ರದಿಂದ ಕತ್ತರಿಸಿ ತಂದಿದ್ದ ತಂತಿಯನ್ನು ಮೇಜಿನ ಮೇಲೆ ಎಸೆದ.

“ಎಲ್ಲಿ, ನೋಡೋಣ,” ಎಂದು ಕಾರ್ಯದರ್ಶಿ ಅದನ್ನು ಎತ್ತಿಕೊಂಡು ಬೆರಳಲ್ಲಿ ತಿರುಗಿಸಿದ. ಬಿಗಿಯಾದ ಮೂರು ಸುತ್ತು; ಅಂಗಿಯ ತೋಳಿಗೆ ಸಿಕ್ಕದಿರಲೆಂದು ತುದಿಯನ್ನು ಒಳಕ್ಕೆ ಮಡಿಚಲಾಗಿತ್ತು. ಅವನೂ ಅಲ್ಲೇ ಪ್ರೆಸ್ ನಡೆಸುವವನು; ಇಡೀ ಶೆಡ್ಡಿನಲ್ಲಿ ಹಾಗೆ ಮಡಿಚುತ್ತಿದ್ದವನು ಅವನೊಬ್ಬನೇ. ಹೇಳಿದಷ್ಟು ಪೀಸು ಮುಗಿಯದೆ ಅವಳು ದಿನವೂ ಬೈಸಿಕೊಳ್ಳುವುದನ್ನು ನೋಡಲಾರದೆ ಅವನೇ ಕಲಿಸಿದ್ದ: “ಹೀಗೆ ಕಟ್ಟಿಕೊ ಕಣಮ್ಮ, ಕೈ ಚುರುಕಾಗುತ್ತೆ.”

“ಬಿಡಿ ಅಣ್ಣ,” ಎಂದಳು ಹುಡುಗಿ, ತೀರಾ ಮೆಲ್ಲಗೆ. ಈಗಲೂ ಅವಳು ಅವನ ಮುಖ ನೋಡಲಿಲ್ಲ. ಮ್ಯಾನೇಜರ್ ಪೆನ್ನಿನ ಮುಚ್ಚಳ ತೆಗೆದ. “ಹಾಗಾದ್ರೆ ಯಾರೂ ಹೇಳಿಕೊಟ್ಟಿಲ್ಲ ಅಂತ ಬರ್ಕೊಳ್ಳಲಾ?” ಕಾರ್ಯದರ್ಶಿ ಮಡಿಚಿದ ತುದಿಯನ್ನು ಉಗುರಿನಿಂದ ಮೀಟಿ ನೆಟ್ಟಗೆ ಮಾಡಿದ. ಅದು ಹೆಬ್ಬೆರಳಿಗೆ ಚುಚ್ಚಿತು.

“ಬೇಡ. ಹೆಸರು ಬರ್ಕೊಳ್ಳಿ,” ಎಂದು ತನ್ನ ಹೆಸರು ಹೇಳಿದ.