ನಮ್ಮ ವಂಶದಲ್ಲಿಲ್ಲ

ಹುಡುಗಿ ನೋಡಲು ಬಂದವರ ಮುಂದೆ, ಟೀಪಾಯಿ ಮೇಲಿನ ಕಾಫಿ ಲೋಟಗಳು ಕಿಣಿಕಿಣಿ ಅಂದವು.

"ಕೂತಲ್ಲಿ ಕಾಲು ಅಲ್ಲಾಡಿಸಿದ್ರೆ ಮನೇಲಿ ಲಕ್ಷ್ಮಿ ನಿಲ್ಲಲ್ಲ," ಎಂದರು ಹುಡುಗನ ತಾಯಿ.

ಹುಡುಗಿಯ ತಾಯಿ ಮಗಳ ತೊಡೆ ಚಿವುಟಿದರು.

"ಬರೀ ಅಭ್ಯಾಸ ಅಲ್ಲ ಆಂಟಿ," ಎಂದಳು ಹುಡುಗಿ. "ಪಿಟಿಪಿಆರ್‌ಡಿ ಅಂತ ಒಂದು ಜೀನ್. ನಮ್ಮ ಲ್ಯಾಬಲ್ಲಿ ಅದರದ್ದೇ ಕೆಲಸ. ನರಗಳ ಮಾತುಕತೆ ನೋಡ್ಕೊಳ್ಳುತ್ತೆ. ಅದರಲ್ಲಿ ಚೂರು ಹೆಚ್ಚುಕಮ್ಮಿಯಾದ್ರೆ ಕೆಲವರ ಕಾಲು ಸುಮ್ನಿರಲ್ಲ. ವಂಶದಲ್ಲಿ ಬರೋದೂ ಉಂಟು."

"ವಂಶದಲ್ಲಾ! ನಮ್ಮ ವಂಶದಲ್ಲಿ ಇಂಥದ್ದೆಲ್ಲ ಇಲ್ಲಮ್ಮ," ಎಂದರು ಹುಡುಗನ ತಾಯಿ.

ಹುಡುಗಿ ನಗು ತಡೆಯುತ್ತಾ ಎರಡೂ ಕಾಲು ಮೇಲೆತ್ತಿ, ಸೋಫಾದಲ್ಲಿ ಚಕ್ಕಳಮಕ್ಕಳ ಹಾಕಿ ಕೂತಳು. ಲೋಟಗಳು ಕಿಣಿಕಿಣಿ ಅನ್ನುತ್ತಲೇ ಇದ್ದವು.

ಹುಡುಗನ ತಾಯಿ ಮಗನನ್ನು ದುರುಗುಟ್ಟಿ ನೋಡಿದರು.

ಅವನು ಮೆಲ್ಲಗೆ ಎಂದ, "ನನ್ನನ್ಯಾಕೆ ನೋಡ್ತೀಯಮ್ಮ? ನಿನ್ನ ಕಾಲು ನೋಡ್ಕೋ."