ಅರ್ಧಕ್ಕಿಳಿದ ಬಾವುಟ

ನಿನ್ನೆ ಸಂಜೆ ಬಾಗಿಲು ತೆರೆದಿದ್ದರೆ ರಾಗ್ನಾಗೆ ಏನು ಖರ್ಚಾಗುತ್ತಿತ್ತು? ಹೆಣಿಗೆಯ ಒಂದು ಸಾಲು ಅರ್ಧಕ್ಕೆ ನಿಲ್ಲುತ್ತಿತ್ತು. ಬಂದವನಿಗೆ ಒಂದು ಲೋಟ ಕಾಫಿ. ಜೊತೆಗೆ, ಒಂಬತ್ತು ವರ್ಷ ಜೋಪಾನ ಮಾಡಿಕೊಂಡು ಬಂದಿದ್ದ ಹಟ. ಮೊದಲೆರಡು ಅಗ್ಗ. ಮೂರನೆಯದಕ್ಕೆ ಜಿಪುಣತನ ಮಾಡಿ ಅವಳು ಪರದೆಯ ಹಿಂದೆ ನಿಂತುಬಿಟ್ಟಿದ್ದಳು.

ಈಗ ಬೆಳಿಗ್ಗೆ ಅದೇ ಪರದೆಯ ಸಂದಿಯಿಂದ ನೋಡಿದರೆ, ಪಕ್ಕದ ಮನೆಯ ಯೋರಿಡ್ ಅಂಗಳದಲ್ಲಿ ಬಾವುಟದ ಹಗ್ಗ ಎಳೆಯುತ್ತಿದ್ದಳು. ಬಾವುಟ ಕಂಬದ ತುದಿಯವರೆಗೆ ಹೋಯಿತು. ಮತ್ತೆ ಇಳಿದು ಅರ್ಧದಲ್ಲಿ ನಿಂತಿತು.

ಬಾವುಟ ಅರ್ಧಕ್ಕೆ ನಿಂತರೆ ಸಾವು. ಆ ಬೀದಿಗೆಲ್ಲ ಕಂಬವಿದ್ದದ್ದು ಅದೊಂದೇ ಮನೆಯಲ್ಲಿ. ಹಗ್ಗ ಎಳೆಯುವುದು ಯೋರಿಡ್‌ಳ ಗಂಡ ಓಸ್ಮುಂಡ್‌ನ ಕೆಲಸ. ಹೆಂಡತಿಯ ಕೈಗೆ ಅದನ್ನು ಅವನು ಎಂದೂ ಕೊಟ್ಟವನಲ್ಲ.

ರಾಗ್ನಾ ಪರದೆಯನ್ನು ಎಳೆದು ಮುಚ್ಚಿದಳು. ನಿನ್ನೆ ಬಾಗಿಲು ತಟ್ಟಿದವನು ಓಸ್ಮುಂಡ್. ಒಂದು ಕೈಯನ್ನು ಎದೆಗೆ ಒತ್ತಿಕೊಂಡು, ಒಬ್ಬನೇ ಏನೋ ಗೊಣಗುತ್ತ, ಚಳಿಯಲ್ಲಿ ಬಹಳ ಹೊತ್ತು ನಿಂತಿದ್ದ. ಗುರುವಾರ ಸಂಜೆ ಯೋರಿಡ್ ಹಾಡಿನ ಅಭ್ಯಾಸಕ್ಕೆ ಹೋಗಿರುತ್ತಾಳೆ. ಮನೆಯಲ್ಲಿ ಅವನೊಬ್ಬನೇ. ಎದೆನೋವೆಂದು ಸಹಾಯಕ್ಕೆ ಬಂದಿದ್ದನೇನೋ.

ಜಗಳ ಅಮ್ಮನ ಕಾಲದ ದೋಣಿಮನೆಯದು, ದಡದಲ್ಲಿ ದೋಣಿ ಇಡುವ ಕೊಟ್ಟಿಗೆಯದು. ರಾಗ್ನಾಳ ತಮ್ಮ ಐಲರ್ಟ್ ಅವಳನ್ನು ಒಂದು ಮಾತೂ ಕೇಳದೆ ಅದನ್ನು ಮಾರಿದ್ದ. ಅವನ ಬಾಲ್ಯದ ಗೆಳೆಯ ಓಸ್ಮುಂಡ್ ಕೊಂಡಿದ್ದ. ಮಾರಿದವನು ದೂರದ ಟ್ರೊಮ್ಸೊ ಸೇರಿಕೊಂಡ. ಕೊಂಡವನು ದಿನಾ ಕಣ್ಣೆದುರಿಗೇ ಇದ್ದ. ಹಾಗಾಗಿ ಇಬ್ಬರ ಪಾಲಿನ ಸಿಟ್ಟನ್ನೂ ಅವನೊಬ್ಬನೇ ಉಂಡ.

ಒಬ್ಬಳೇ ಇರಲಾರದೆ ಅವಳು ಬೇಕರಿಗೆ ಹೋದಳು. ಊರಿನ ಹಳಬರು ಬೆಳಿಗ್ಗೆ ಅಲ್ಲಿ ಕೂತು ಯಾರು ಹುಟ್ಟಿದರು, ಯಾರು ಮನೆ ಮಾರಿದರು ಎಂದು ವಿಚಾರಿಸಿಕೊಳ್ಳುವುದು ವಾಡಿಕೆ. ಅವಳು ಒಳಗೆ ಕಾಲಿಟ್ಟದ್ದೇ ಮಾತು ನಿಂತಿತು. ಸುದ್ದಿ ತನಗಿಂತ ಮೊದಲೇ ತಲುಪಿದೆ.

"ಇವತ್ತು ಮನೇಲೇ ಇರ್ತೀಯ ಅನ್ಕೊಂಡಿದ್ವಿ," ಎಂದಳು ಬೇಕರಿಯ ಗುನ್‌ವೋರ್, ಮೆಲ್ಲಗೆ.

"ಮನೇಲಿ ಕೂತ್ಕೊಂಡು ಏನ್ ಮಾಡ್ಲಿ? ಕಿಟಕಿ ಕಡೆ ನೋಡಕ್ಕಾಗ್ತಿಲ್ಲ."

ಗುನ್‌ವೋರ್ ಕಾಫಿ ಬಗ್ಗಿಸಿಕೊಟ್ಟಳು. ದುಡ್ಡು ಚಾಚಿದರೆ ಆ ಕೈಯನ್ನೇ ಹಿಡಿದು ಒತ್ತಿ ಹಿಂದಕ್ಕೆ ಕಳಿಸಿದಳು.

ಸ್ವಲ್ಪ ಹೊತ್ತಿಗೆ ಅವನ ಹುಡುಗತನದ ಮಾತು ತಾನೇ ಶುರುವಾಯಿತು. ಮೇಷ್ಟರ ಸೈಕಲ್ಲನ್ನು ಶಾಲೆಯ ಮಾಡಿಗೆ ಹತ್ತಿಸಿ, ಆಮೇಲೆ ಇಳಿಸಲು ಬಾರದೆ ಅಲ್ಲೇ ಕೂತು ಅತ್ತಿದ್ದು. ಒಂದು ಬನ್ನಿನ ಪಂದ್ಯಕ್ಕೆ ಹಿಮ ಕರಗುವ ಕಾಲದಲ್ಲಿ ಹಡಗುಕಟ್ಟೆಯಿಂದ ನೀರಿಗೆ ಹಾರಿದ್ದು; ಗೆದ್ದ ಬನ್ನನ್ನು ಸೋತವನ ಜೊತೆ ಹಂಚಿಕೊಂಡು ತಿಂದಿದ್ದು. ಎಲ್ಲರೂ ನಕ್ಕರು. ರಾಗ್ನಾಳೂ ನಕ್ಕಳು. ಓಸ್ಮುಂಡ್, ಐಲರ್ಟ್ ಇಬ್ಬರ ಒದ್ದೆ ಬಟ್ಟೆಯನ್ನೂ ಒಲೆಯ ಮುಂದೆ ಒಣಹಾಕಿದವಳು ಅವಳೇ.

ಹಳೆಯ ಮೀನುಗಾರ ಹಲ್‌ಸ್ಟೈನ್‌ಗೆ ಸುತ್ತಿ ಬಳಸಿ ಮಾತಾಡುವ ಅಭ್ಯಾಸವಿರಲಿಲ್ಲ.

"ನೀನು ಕತ್ತೆಗಿಂತ ಮೊಂಡಿ ಕಣೇ ರಾಗ್ನಾ. ಅವನ ಮೇಲೆ ನಿಂಗಿದ್ದ ಸಿಟ್ಟು ಊರಿಗೆಲ್ಲ ಗೊತ್ತು. ಅವನಿಗೆ ನಿನ್ ಮೇಲೆ ಇರ್ಲಿಲ್ಲ. ಈ ಊರು ಅಂದ್ರೆ ಕೊನೇವರೆಗೂ ಪ್ರಾಣ ಬಿಡ್ತಿದ್ದ."

"ಗೊತ್ತು," ಎಂದಳು ಅವಳು. ನಿನ್ನೆಯ ಸಂಜೆಯದನ್ನು ಮಾತ್ರ ಹೇಳಲಿಲ್ಲ. ಬಾಗಿಲು ತೆರೆಯಲಿಲ್ಲ ಎಂದರೆ ಇವರು ನಾಳೆಯಿಂದ ತನ್ನ ಪಕ್ಕದಲ್ಲಿ ಕೂರುವುದೂ ಅನುಮಾನ. ಕೂರದಿದ್ದರೆ ಅದೂ ನ್ಯಾಯವೇ.

ಹೊರಡುವಾಗ ಗುನ್‌ವೋರ್ ಒಂದಿಡೀ ಬಾದಾಮಿ ಕೇಕನ್ನು ಕಟ್ಟಿಕೊಟ್ಟಳು. "ಇಟ್ಕೋ. ಮನೆಗೆ ಜನ ಬರ್ತಾರೆ."

ಸಾವಿನ ಮನೆಗೆ ಬರಿಗೈಯಲ್ಲಿ ಹೋಗಬಾರದೆಂದು ನೆನಪಿಸಿದಳಲ್ಲ ಎಂದುಕೊಂಡು ರಾಗ್ನಾ ನೇರವಾಗಿ ಯೋರಿಡ್‌ಳ ಮನೆಯತ್ತ ನಡೆದಳು. ದಾರಿಯುದ್ದಕ್ಕೂ ಮಾತು ಜೋಡಿಸಿದಳು. ನೋಡಿದ್ದೆ, ತೆರೆಯಲಿಲ್ಲ. ಇಷ್ಟೇ ಹೇಳುವುದು. ಅವಳು ಹೊಡೆದರೆ ಹೊಡೆಸಿಕೊಳ್ಳುವುದು. ಒಂಬತ್ತು ವರ್ಷದಲ್ಲಿ ಮೊದಲ ಸಲ ಆ ಮನೆಯ ಕದ ತಟ್ಟಿದಳು.

ಕದ ತೆರೆದವನು ಓಸ್ಮುಂಡ್.

ಕಣ್ಣು ಕೆಂಪಾಗಿತ್ತು. ಮುಖ ಬಾಡಿತ್ತು. ಆದರೆ ಅವನೇ. ರಾಗ್ನಾ ಚೌಕಟ್ಟು ಹಿಡಿದುಕೊಂಡಳು. ಎದೆಯ ಮೇಲಿನ ಬಂಡೆ ಉರುಳಿಹೋದಂತಾಗಿ ನಗು ಬಂತು, ಜೊತೆಗೇ ಅಳುವೂ.

"ಬದುಕಿದ್ದೀಯ! ಬಾವುಟ ನೋಡಿ ನಾನು..."

"ನಾನು ಪಾದ್ರಿ ಹತ್ರ ಹೋಗಿದ್ದೆ, ಯೋರಿಡ್ ಹಾರಿಸಿದ್ಲು," ಎಂದ ಅವನು. "ನಿಮ್ಮನೇಲಿ ಕಂಬ ಇಲ್ವಲ್ಲ ರಾಗ್ನಾ. ನಿಮ್ಮನೆ ಹುಡ್ಗನಿಗೆ ನಾವಲ್ದೆ ಇನ್ಯಾರು ಹಾರಿಸ್ಬೇಕು?"

ಅವಳ ಮುಖ ನೋಡಿ ಅವನಿಗೆ ಅರ್ಥವಾಯಿತು. ರಾತ್ರಿ ತನಗೆ ಮಾಡಿದಂತೆ ಆಸ್ಪತ್ರೆಯವರು ಅವಳಿಗೂ ಫೋನ್ ಮಾಡಲಿಲ್ಲವೇ ಎಂದು ಕೇಳಿದ. ಅವಳು ಇಲ್ಲವೆಂದು ತಲೆಯಾಡಿಸಿದಳು. ಅವಳ ನಂಬರು ಅವರಿಗೆ ಯಾರು ಕೊಡಬೇಕಿತ್ತು?

"ನಿನ್ನೆ ನಾನು ನಿನ್ನ ಬಾಗಿಲಲ್ಲಿ ಫೋನ್ ಹಿಡ್ಕೊಂಡು ನಿಂತಿದ್ನಲ್ಲ," ಎಂದ ಓಸ್ಮುಂಡ್, "ಲೈನಲ್ಲಿ ಐಲರ್ಟ್ ಇದ್ದ, ಆಸ್ಪತ್ರೆ ಹಾಸಿಗೆಯಿಂದ. ಅಕ್ಕನ ಜೊತೆ ಒಂದು ಸಲ ಮಾತಾಡ್ಬೇಕು ಅಂದ. ತಡಿ, ಈಗ ತೆಗೀತಾಳೆ, ಈಗ ತೆಗೀತಾಳೆ ಅಂತ ಹೇಳ್ತಾನೇ ಇದ್ದೆ."

ಬೆಳಗಿನಿಂದ ಅವಳು ಯಾರಿಗಾಗಿ ನೊಂದಿದ್ದಳೋ ಆ ನೆರೆಯವನು ಬದುಕಿದ್ದ. ಸತ್ತವನು ಅವಳ ತಮ್ಮ.